ಎಸಿಪಿ ಪ್ರದ್ಯುಮನ್ ಮತ್ತು ಏಳನೆಯ ನಿಯಮ

1998ರಲ್ಲಿ ಸೋನಿ ಟೀವಿಯಲ್ಲಿ ಶುರುವಾಗಿ 2018ರವರೆಗೆ ನಡೆದು, 2024ರಲ್ಲಿ ಮತ್ತೆ ಬಂದ ಹಿಂದಿ ಧಾರಾವಾಹಿ 'ಸಿಐಡಿ'. ಅದರ ಎಸಿಪಿ ಪ್ರದ್ಯುಮನ್‌ನನ್ನು ಗೋಕಾಕ ಸೀಮೆಯ ನಮ್ಮ ಮೇಲವಂಕಿಯಲ್ಲೂ ನೋಡಿ ಬೆಳೆದವರು ನಾವು. ದಯಾ ಬಾಗಿಲು ಒಡೀತಾನ, ಡಾಕ್ಟರ್ ಸಾಳುಂಕೆ ಹೆಣ ನೋಡ್ತಾನ, ಕಪಾಳಕ್ಕೊಂದು ಬಿದ್ದರೆ ಕೊಲೆಗಾರ ಎಲ್ಲಾ ಒಪ್ಕೊಂತಾನ. ಕತಿ ಮುಗೀತು.

ನಮ್ಮ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಲ್ಲಿ ಸಾಕ್ಷಿ ಬೇಕು. ಸಾಕ್ಷಿ ನುಡಿಯಬೇಕಾದವನು ಆರೋಪಿಯ ಹೊಲದಲ್ಲೇ ಕೂಲಿ ಮಾಡಿ ಉಣ್ಣುವವನಾಗಿದ್ದರೆ?

ಎಸಿಪಿ ಎಂದರೆ ಡಿವೈಎಸ್‌ಪಿಗೆ ಸಮ. ದಲಿತರ ಮೇಲಿನ ದೌರ್ಜನ್ಯವನ್ನು ಆ ದರ್ಜೆಗಿಂತ ಕೆಳಗಿನವರು ತನಿಖೆ ಮಾಡಕೂಡದೆಂದು ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 7ನೆಯದು ಹೇಳುತ್ತದೆ. ಅಂದರೆ ಕಾನೂನು ನಮಗೂ ಒಬ್ಬ ಪ್ರದ್ಯುಮನ್‌ನನ್ನು ಕೊಟ್ಟಿತ್ತು. ಆದರೂ ಏನಾಯಿತು? 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಂತ್ರಸ್ತರ, ಸಾಕ್ಷಿಗಳ ಹಕ್ಕಿನ ಅಧ್ಯಾಯವೊಂದು ಕಾಯ್ದೆಗೆ ಸೇರಿದ್ದು 2015ರ ತಿದ್ದುಪಡಿಯಲ್ಲಿ.

ಜಾಣ ಪತ್ತೇದಾರನಿಲ್ಲದ್ದು ನಮ್ಮ ಕೊರತೆಯಲ್ಲ. ಕೊಂದವರು ಯಾರೆಂದು ಕೇರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದದ್ದನ್ನು ಹೇಳಿ ಮರುದಿನವೂ ಅದೇ ಊರಲ್ಲಿ ಬದುಕುವುದು ಹೇಗೆ? ಧಾರಾವಾಹಿ ಕೇಳದ ಈ ಪ್ರಶ್ನೆಯನ್ನೇ ನಮ್ಮ ವಿಮರ್ಶೆ ಕೇಳಬೇಕೆನ್ನುತ್ತೇನೆ ನಾನು.