ಬೈಲಕುಪ್ಪೆಯಲ್ಲಿ ಅರ್ಧ ಗಂಟೆ

ಮೈಸೂರು ಕಡೆಯ ಯಾವುದೇ ಶಾಲೆಯ ಪ್ರವಾಸದ ಪಟ್ಟಿ ನೋಡಿ, ಮಡಿಕೇರಿ ದಾರಿಯಲ್ಲಿ ‘ಗೋಲ್ಡನ್ ಟೆಂಪಲ್, ಅರ್ಧ ಗಂಟೆ’ ಅಂತ ಇದ್ದೇ ಇರುತ್ತೆ. ವೀಕೆಂಡಿಗೆ ಬೆಂಗಳೂರಿಂದ ಕಾರು ತಗೊಂಡು ಕೊಡಗಿಗೆ ಹೊರಡುವ ನಮ್ಮ ಕಥೆಯೂ ಅಷ್ಟೇ. ಚಪ್ಪಲಿ ಬಿಟ್ಟು ಒಳಗೆ ಹೋಗೋದು, ಸುಮಾರು 60 ಅಡಿ ಎತ್ತರದ ಮೂರು ಮೂರ್ತಿಗಳ ಮುಂದೆ ಫೋಟೋ, ಹೊರಗೆ ಒಂದು ಪ್ಲೇಟ್ ಮೊಮೊ, ಆಮೇಲೆ ದುಬಾರೆ.

ನಮ್ಮೂರು ಕೆ.ಆರ್. ನಗರದ ಹತ್ತಿರ. ಚಿಕ್ಕಂದಿನಲ್ಲಿ ಟಿಬೆಟಿನವರು ಅಂದ್ರೆ ನಮಗೆ ಚಳಿಗಾಲದಲ್ಲಿ ಪೇಟೆಗೆ ಬಂದು ಸ್ವೆಟರ್ ಮಾರುವವರು, ಅಷ್ಟೇ ಗೊತ್ತಿದ್ದದ್ದು. ಹೋದ ವರ್ಷ ನಮ್ಮೂರ ಹೈಸ್ಕೂಲಿನ ಸಮಾಜದ ಮೇಷ್ಟ್ರು ‘ಬೌದ್ಧ ಧರ್ಮದ ಪಾಠ ಪುಸ್ತಕದಲ್ಲಿ ಓದಿದ್ದು ಸಾಕು, ಹೋಗಿ ನೋಡೋಣ’ ಅಂತ ಮಕ್ಕಳನ್ನು ಹೊರಡಿಸಿದರು. ಹಳೇ ವಿದ್ಯಾರ್ಥಿ ಅನ್ನೋ ನೆಪದಲ್ಲಿ ನಾನೂ ಬಸ್ ಹತ್ತಿದೆ. ಇಳಿದು ಐದು ನಿಮಿಷ ಆಗಿಲ್ಲ, ಒಬ್ಬ ಹುಡುಗ ಕೇಳಿದ: “ಅಣ್ಣಾ, ಇವ್ರು ಚೀನಾದವ್ರಾ?”

ಪಕ್ಕದಲ್ಲೇ ನಿಂತಿದ್ದ ಭಿಕ್ಷುವಿಗೆ ಕೇಳಿಸಿರಬೇಕು, ಸುಮ್ಮನೆ ನಕ್ಕರು. ಆ ನಗುವಿನ ಹಿಂದೆ ಒಂದು ಇಡೀ ಚರಿತ್ರೆ ಇದೆ. 1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ಚೀನಾದ ಆಡಳಿತದ ವಿರುದ್ಧ ಜನ ದಂಗೆ ಎದ್ದರು. ದಲೈ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕೊಟ್ಟಿತು. ಕೊಟ್ಟಿದ್ದು ಗದ್ದೆಯಲ್ಲ, ಕಾಡು. ಹಿಮದ ನಾಡಲ್ಲಿ ಯಾಕ್ ಮೇಯಿಸಿ, ಬಾರ್ಲಿ ಬೆಳೆದು ಬದುಕಿದ್ದವರು 1960-61ರಿಂದ ಇಲ್ಲಿನ ಸೆಖೆಯಲ್ಲಿ ಮರ ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆಯೋಕೆ ಕಲಿತರು. ನಾವು ಫೋಟೋ ತೆಗೆಯುವ ನಮ್‌ಡ್ರೋಲಿಂಗ್ ಮಠ ಶುರುವಾಗಿದ್ದು 1963ರಲ್ಲಿ. ಆ ಮಿನುಗುವ ದೊಡ್ಡ ಗುಡಿ ಬಂದದ್ದು 1999ರಲ್ಲಿ, ಅಂದರೆ ಬೇರೂರಿ ಸುಮಾರು ನಾಲ್ಕು ದಶಕದ ಮೇಲೆ.

ಮೇಷ್ಟ್ರು ಮಾಡಿದ ಒಳ್ಳೇ ಕೆಲಸ ಅಂದ್ರೆ, ಅಲ್ಲಿಂದ ದುಬಾರೆಗೆ ಹೋಗದೆ ಅದೇ ಊರಿನ ಸೆರಾ ಮಠಕ್ಕೆ ಬಸ್ ತಿರುಗಿಸಿದ್ದು. ಮೂಲ ಸೆರಾ ಲಾಸಾದ ಹತ್ತಿರ 1419ರಲ್ಲಿ ಕಟ್ಟಿದ್ದು. ತಪ್ಪಿಸಿಕೊಂಡು ಬಂದ ಭಿಕ್ಷುಗಳಲ್ಲಿ ಸುಮಾರು 1,500 ಜನರನ್ನು ಮೊದಲು ಬಂಗಾಳದ ಬಕ್ಸಾದಲ್ಲಿ ಇರಿಸಿದ್ದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಕ್ಷಯ ಬಂದು ಎಷ್ಟೋ ಜನ ಸತ್ತರು, ಆದರೂ ಉಳಿದವರು ಪಾಠ ನಿಲ್ಲಿಸಲಿಲ್ಲ. 1970ರ ಹೊತ್ತಿಗೆ ಸೆರಾದವರು ಬೈಲಕುಪ್ಪೆಗೆ ಬಂದರು, ಡ್ರೆಪುಂಗ್ ಮತ್ತು ಗಾಂದೆನ್ ಮಠದವರು ಮುಂಡಗೋಡಿಗೆ ಹೋದರು.

ಸಂಜೆ ಸೆರಾದ ಅಂಗಳದಲ್ಲಿ ಗಲಾಟೆಯೋ ಗಲಾಟೆ. ಮಕ್ಕಳು ಜಗಳ ಅಂದುಕೊಂಡರು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಬಲಗೈ ಮೇಲೆತ್ತಿ, ಎಡಗಾಲು ನೆಲಕ್ಕೆ ಅಪ್ಪಳಿಸಿ, ಚಟಾರನೆ ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಕೂತವನು ಭಾಷಣ ಬಿಗಿಯೋ ಹಾಗಿಲ್ಲ. ‘ಒಪ್ಪಿದೆ’, ‘ಕಾರಣ ಸಿದ್ಧವಾಗಿಲ್ಲ’, ‘ವ್ಯಾಪ್ತಿ ಇಲ್ಲ’, ಹೀಗೆ ಕೆಲವೇ ಉತ್ತರಗಳು. ಎಳೆಯರಿಗೆ ಮೊದಲ ಪಾಠ ಬಣ್ಣದ್ದು. ಬಣ್ಣ ಅಂದಮೇಲೆ ಕೆಂಪಾಗಿರಲೇಬೇಕಾ? ಹೌದು ಅಂದೆಯೋ, ಹಾಗಾದರೆ ಬಿಳಿ ಶಂಖದ ಬಣ್ಣ ಕೆಂಪಾ? ಕನ್ನಡ ಬಲ್ಲ ಒಬ್ಬ ಭಿಕ್ಷು ಇದನ್ನು ಬಿಡಿಸಿ ಹೇಳಿದಾಗ ಮಕ್ಕಳಿಗಿಂತ ಜಾಸ್ತಿ ಖುಷಿಯಾಗಿದ್ದು ನನಗೆ. ‘ಕೆಂಪೆಲ್ಲ ಬಣ್ಣ’ ಅನ್ನೋದನ್ನು ‘ಬಣ್ಣವೆಲ್ಲ ಕೆಂಪು’ ಅಂತ ತಿರುಗಿಸಿ ಬರೆದ ಕೋಡು ದಿನಾ ರಿವ್ಯೂಗೆ ಬರುತ್ತಲ್ಲ! ಗೆಶೆ ಪದವಿಗೆ ಹೀಗೆ ಸುಮಾರು 20 ವರ್ಷ ಓದಬೇಕಂತೆ. ನಮ್ಮ ಬಿಇ ನಾಲ್ಕೇ ವರ್ಷ.

ಈ ತರ್ಕ ಟಿಬೆಟಿನದ್ದಲ್ಲ. ದಿಙ್ನಾಗ ದಕ್ಷಿಣ ಭಾರತದವನು. ಅವನ ದಾರಿಯಲ್ಲಿ ನಡೆದ 7ನೇ ಶತಮಾನದ ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ ಇವತ್ತಿಗೂ ಸೆರಾದಲ್ಲಿ ಪಠ್ಯ. ಇಂಥ ವಿದ್ಯೆಯ ದೊಡ್ಡ ಕೇಂದ್ರವಾಗಿದ್ದ ನಾಲಂದಕ್ಕೆ ದೂರದೂರದಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಬಾಗಿಲಲ್ಲೇ ಪ್ರಶ್ನೆ ಕೇಳುತ್ತಿದ್ದರು, ಹತ್ತರಲ್ಲಿ ಏಳೆಂಟು ಜನ ಅಲ್ಲಿಂದಲೇ ವಾಪಸ್ಸು ಅಂತ ಹ್ಯೂಯೆನ್‌ತ್ಸಾಂಗ್ ಬರೆದಿಟ್ಟಿದ್ದಾನೆ. 8ನೇ ಶತಮಾನದಲ್ಲಿ ಶಾಂತರಕ್ಷಿತ ಈ ವಿದ್ಯೆಯನ್ನು ಟಿಬೆಟಿಗೆ ಒಯ್ದ. ನಾಲಂದ ಹಾಳಾಯ್ತು, ನಾವು ಮರೆತೆವು. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ನಮ್ಮದೇ ಸಂಸ್ಕೃತ ತಾಳೆಗರಿಗಳನ್ನು ಹುಡುಕಿಕೊಂಡು ಟಿಬೆಟಿನ ಮಠಗಳಿಗೆ ಹೋಗಬೇಕಾಯ್ತು.

“ನಮ್ ಕಡೆ ಬೌದ್ಧರು ಇರ್ಲೇ ಇಲ್ವಾ ಸಾರ್?” ಅಂತ ಒಬ್ಬಳು ಕೇಳಿದಳು. ಇದ್ದರಮ್ಮ. ಅಶೋಕನ ಹೆಸರೇ ಇರುವ ಶಾಸನ ಮಸ್ಕಿಯಲ್ಲಿ ಸಿಕ್ಕಿದ್ದು 1915ರಲ್ಲಿ. 1095ರಲ್ಲೂ ಗದಗದ ಹತ್ತಿರದ ಡಂಬಳದಲ್ಲಿ 16 ಜನ ಸೆಟ್ಟಿಗಳು ಕಟ್ಟಿಸಿದ ವಿಹಾರ ಇತ್ತು ಅಂತ ಶಾಸನ ಹೇಳುತ್ತೆ. ಪ್ರವಾಸದ ಬಸ್ಸುಗಳು ಆ ಕಡೆ ಹೋಗೋದು ಕಡಿಮೆ, ಅಲ್ಲಿ ಮಿನುಗುವಂಥದ್ದೇನೂ ಇಲ್ಲವಲ್ಲ.

ಇನ್ನು ಆ ಹುಡುಗನ ‘ಚೀನಾದವ್ರಾ’ ಪ್ರಶ್ನೆ. ಅದಕ್ಕೆ ಕಾನೂನಿನ ಉತ್ತರವೂ ಉಂಟು. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಅಂತ 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಿತು. ಆ ದಿನದ ಮೇಲೆ ಹುಟ್ಟಿದವರಿಗೆ ಅಪ್ಪನೋ ಅಮ್ಮನೋ ಭಾರತದ ಪ್ರಜೆಯಾಗಿರಬೇಕು. ನಾನು ಹುಟ್ಟಿದ್ದು ಆ ದಿನದ ಮೇಲೆಯೇ. ನನಗೆ ಪಾಸ್‌ಪೋರ್ಟ್ ಇದೆ. ಇದೇ ಮೈಸೂರು ಜಿಲ್ಲೆಯಲ್ಲಿ ನನ್ನ ವಾರಿಗೆಯಲ್ಲಿ ಹುಟ್ಟಿ, ‘ಎಷ್ಟಣ್ಣ ಕೆಜಿ’ ಅಂತ ಸಂತೆಯಲ್ಲಿ ನನ್ನ ಹಾಗೇ ಚೌಕಾಸಿ ಮಾಡುವ ಎಷ್ಟೋ ಜನ ಇವತ್ತಿಗೂ ವಿದೇಶಿಯರ ನೋಂದಣಿ ಪತ್ರ ಹಿಡಿದು, ಅವಧಿ ಮುಗಿದಾಗಲೆಲ್ಲ ನವೀಕರಿಸೋಕೆ ಕಚೇರಿ ಮುಂದೆ ನಿಲ್ಲುತ್ತಾರೆ.