ಸಿದ್ದಿ ಎಂಬ ಅಡ್ಡಹೆಸರು

ಉಗುಳನ್ನು ಕೊಳವೆಯಲ್ಲಿ ತುಂಬಿ ಡಿಎನ್‌ಎ ಪರೀಕ್ಷೆಗೆ ಕಳಿಸಿ, ‘ನನ್ನ ಮೂಲ ಯಾವುದು’ ಎಂದು ತಿಳಿಯುವ ಆಸೆ ನಿಮ್ಮಲ್ಲಿ ಹಲವರಿಗಿದೆ. ಅದಕ್ಕೆ ಮುಂಚೆ ಒಂದು ಅಡ್ಡಹೆಸರಿನ ಕಥೆ ಕೇಳಿ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನ ಊರುಗಳಲ್ಲಿ ‘ಸಿದ್ದಿ’ ಎಂಬ ಅಡ್ಡಹೆಸರಿನವರಿದ್ದಾರೆ. ‘ನನ್ನೊಡೆಯ’ ಎಂಬರ್ಥದ ಅರಬ್ಬಿ ಪದದಿಂದ ಈ ಹೆಸರು ಬಂತೆನ್ನುತ್ತಾರೆ. ಆದರೆ ಇವರ ಹಿರಿಯರಲ್ಲಿ ಬಹಳ ಮಂದಿ ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು.

2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು, ಸಿದ್ದಿಗಳಲ್ಲಿ ಆಫ್ರಿಕಾದ ಬಂಟು ಭಾಷಿಕರ ಪಾಲೇ ಹೆಚ್ಚು, ಜೊತೆಗೆ ಭಾರತೀಯರ ಪಾಲೂ ಬೆರೆತಿದೆ ಎಂದು ತೋರಿಸಿತು. ಅವರು ಆಡುವ ಮಾತು ಮಾತ್ರ ಕೊಂಕಣಿ, ಕನ್ನಡ, ಮರಾಠಿ, ಉರ್ದು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು.

ಆದರೂ ‘ನೀವು ಯಾವ ದೇಶದವರು?’ ಎಂಬ ಪ್ರಶ್ನೆ ಸಿದ್ದಿಗಳಿಗೆ ತಪ್ಪಿಲ್ಲ. ಇಲ್ಲೇ ಹುಟ್ಟಿದ ನಿಮಗೂ ಅದು ಗೊತ್ತು. ಒಂದು ವ್ಯತ್ಯಾಸ: ಅವರಿಗೆ ಈ ಪ್ರಶ್ನೆ ಹಾಕುವವರು ನಾವೇ, ಕನ್ನಡಿಗರು. ಮುಂದಿನ ರಜೆಗೆ ಊರಿಗೆ ಹೋದಾಗ ಸಿದ್ದಿಯೊಬ್ಬರು ಸಿಕ್ಕರೆ, ‘ಎಲ್ಲಿಯವರು?’ ಎನ್ನಬೇಡಿ. ‘ಆರಾಮಾ?’ ಎನ್ನಿ.