ವಿಶಾಖಪಟ್ಟಣಕ್ಕೆ ಬಾಂಬ್ ಬಿದ್ದ ದಿನ



ಎರಡನೇ ಮಹಾಯುದ್ಧದ ವಿಮಾನ ನಿರೋಧಕ ದಳ ಎಂದರೆ ಥಟ್ಟನೆ ನೆನಪಾಗುವುದು ಜರ್ಮನಿಯ ‘ಫ್ಲಾಕ್’. 88 ಮಿಲಿಮೀಟರ್ ತೋಪು, ಸರ್ಚ್‌ಲೈಟ್, ರೇಡಾರ್ ಎಲ್ಲವೂ ಆ ದಳದಲ್ಲಿದ್ದವು. ಸಾಲದೆ ಬಂದದ್ದು ಆಳುಗಳು. 1943ರ ಫೆಬ್ರವರಿಯಿಂದ ಹದಿನೈದು, ಹದಿನಾರು ವರ್ಷದ ಶಾಲಾ ಹುಡುಗರನ್ನು ಈ ಕೆಲಸಕ್ಕೆ ಕರೆಸಿದರು. ಪಾಠ ಹೇಳಲು ಮೇಷ್ಟ್ರು ತೋಪುಗಳಿದ್ದಲ್ಲಿಗೇ ಹೋಗಬೇಕಾಯಿತು!

ನಮ್ಮ ಪೂರ್ವ ಕರಾವಳಿಯ ಕಥೆಯೇ ಬೇರೆ. 1942ರ ಏಪ್ರಿಲ್ 5, ಈಸ್ಟರ್ ಭಾನುವಾರ, ಜಪಾನಿ ವಿಮಾನಗಳು ಕೊಲಂಬೋ ಮೇಲೆ ಎರಗಿದವು. ಅಲ್ಲಿ ಎದುರಿಸಲು ತೋಪುಗಳೂ ಇದ್ದವು, ಯುದ್ಧವಿಮಾನಗಳೂ ಇದ್ದವು. ಮರುದಿನ ‘ರ್ಯೂಜೋ’ ಎಂಬ ವಿಮಾನವಾಹಕ ಹಡಗಿನಿಂದ ಹಾರಿದ ವಿಮಾನಗಳು ಕಾಕಿನಾಡ ಮತ್ತು ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದವು. ವಿಶಾಖಪಟ್ಟಣದ ಬಂದರಿಗೆ ಆಗಿನ್ನೂ ಒಂಬತ್ತು ವರ್ಷವೂ ತುಂಬಿರಲಿಲ್ಲ. ಕೊಲಂಬೋದಂಥ ಕಾವಲು ಅದಕ್ಕಿರಲಿಲ್ಲ.

ಬಿದ್ದ ಬಾಂಬುಗಳು ಕೆಲವೇ. ಹಬ್ಬಿದ ಭಯ ಮಾತ್ರ ದೊಡ್ಡದು. ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಆಂಧ್ರ ವಿಶ್ವವಿದ್ಯಾಲಯವೇ ಗುಂಟೂರಿಗೆ ಹೋಯಿತು. ಅತ್ತ ಮದ್ರಾಸಿನಲ್ಲೂ ಸರ್ಕಾರಿ ಕಚೇರಿಗಳನ್ನು ಒಳನಾಡಿಗೆ ಸಾಗಿಸಿದರು.

ತೋಪಿದ್ದ ಊರಿನಲ್ಲಿ ಹುಡುಗರು ಬಾಲ್ಯ ಕಳೆದುಕೊಂಡರು. ಕಾವಲಿಲ್ಲದ ಊರಿನಲ್ಲಿ ಜನ ಮನೆ ಬಿಟ್ಟು ಓಡಿದರು. ಯುದ್ಧ ಸಾರಿದವರು ಈ ಇಬ್ಬರನ್ನೂ ಕೇಳಿರಲಿಲ್ಲ.

ವಿಜಯವಾಡದಲ್ಲಿ ಇಳಿದು ಕೊಂಡಪಲ್ಲಿ ಗೊಂಬೆ ಕೊಳ್ಳುವ ನಮ್ಮವರು ಬಹಳ. ಮುಂದಿನ ಸಲ ವಿಶಾಖಪಟ್ಟಣದವರೆಗೂ ಹೋಗಿಬನ್ನಿ. ಬೀಚ್ ರಸ್ತೆಯ ವಿಶಾಖ ಮ್ಯೂಸಿಯಂನಲ್ಲಿ ಅಂದು ಸಿಡಿಯದೇ ಉಳಿದ ಜಪಾನಿ ಬಾಂಬೊಂದಿದೆ. ಮಕ್ಕಳಿಗೆ ಗೊಂಬೆಯ ಜೊತೆಗೆ ಅದನ್ನೂ ತೋರಿಸಿ, ಈ ಕಥೆ ಹೇಳಿ.